ಬೀಗದಕೈ ಕೊಟ್ಟು ಹೋಗುವವರು

ನನ್ನ ಅಕ್ಕನ ಮಗಳು ಎಂಬಿಎ ಪ್ರವೇಶದ ಸಂದರ್ಶನಕ್ಕೆ ಹೋಗಿ ಬಂದಳು. ಬಂದವಳೇ, "ಮಾಮ, ರಜೆ ಸಿಕ್ಕರೆ ಎಲ್ಲಿಗೆ ಹೋಗೋಕೆ ಇಷ್ಟ ಅಂತ ಕೇಳಿದ್ರು. ಅದಕ್ಕೂ ಮ್ಯಾನೇಜ್‌ಮೆಂಟಿಗೂ ಏನು ಸಂಬಂಧ?" ಎಂದಳು. ಇವಳು "ಅಜ್ಜಿ ಮನೆಗೆ" ಎಂದಿದ್ದಳಂತೆ. ಎದುರಿಗೆ ಕೂತಿದ್ದ ಮೂವರೂ ತಲೆ ತಗ್ಗಿಸಿ ಏನೋ ಬರೆದುಕೊಂಡರಂತೆ. ಅವರು ಬರೆದುಕೊಂಡದ್ದೇನು ಎಂಬ ಯೋಚನೆ ಅವಳಿಗೆ. ಅವರು ಕೇಳಿದ್ದೇಕೆ ಎಂಬ ಯೋಚನೆ ನನಗೆ.

ಇಂಥ ಪ್ರಶ್ನೆ ನನಗೆ ಹೊಸದೇನಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಬಡ್ತಿ ಸಿಕ್ಕಾಗಲೆಲ್ಲ ತರಬೇತಿಗೆ ಕಳಿಸುತ್ತಿದ್ದರು. ಒಮ್ಮೆ ತರಬೇತಿ ಕೊಡಲು ಬಂದವರು ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಬೆಟ್ಟ, ಕಡಲು, ಕಾಡು, ದೇವಸ್ಥಾನ, ವಿದೇಶ, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಿ ಎಂದರು. ಬೆಟ್ಟಕ್ಕೆ ಹಾಕಿದವರು ದೂರ ನೋಡುವ ನಾಯಕರಂತೆ. ಕಡಲಿಗೆ ಹಾಕಿದವರು ಎಲ್ಲರನ್ನೂ ಜೊತೆಗೆ ಕರೆದೊಯ್ಯುವವರಂತೆ. ಕಾಡಿನವರು ಅಪಾಯಕ್ಕೆ ಅಂಜದವರು. ದೇವಸ್ಥಾನಕ್ಕೆ ಗುರುತು ಹಾಕಿದ್ದ ನನ್ನ ಪಕ್ಕದವರಿಗೆ ಏನು ಭವಿಷ್ಯ ಹೇಳಿದರೋ ಮರೆತುಹೋಗಿದೆ. ಗಿಣಿಶಾಸ್ತ್ರದವನ ಗಿಣಿಯಾದರೂ ಪಂಜರದಿಂದ ಹೊರಗೆ ಬಂದು ತಾನೇ ಚೀಟಿ ಎತ್ತುತ್ತದೆ. ಇಲ್ಲಿ ಆ ಕೆಲಸವನ್ನೂ ನಮ್ಮ ಕೈಯಲ್ಲೇ ಮಾಡಿಸಿದರು.

ಆದರೂ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿಗಳನ್ನು ಎರಡೇ ದಿನದಲ್ಲಿ ಮುಗಿಸಿ ಬಂದ ಯಾವ ಕುಟುಂಬವನ್ನಾದರೂ ಕೇಳಿ. ಅದರಲ್ಲಿ ಒಬ್ಬ ಚಿಕ್ಕಪ್ಪ ಇದ್ದೇ ಇರುತ್ತಾರೆ. ಹೊರಡುವ ಹಿಂದಿನ ರಾತ್ರಿಯೇ ಹಾಳೆಯ ಮೇಲೆ ಗಂಟೆ ನಿಮಿಷ ಬರೆದಿಟ್ಟಿರುತ್ತಾರೆ. ದೇವರ ಮುಂದೆ ಕಣ್ಣು ಮುಚ್ಚಿ ನಿಂತವರಿಗೆ ಹಿಂದಿನಿಂದ "ನಡೀರಿ, ನಡೀರಿ, ಊಟದ ಕ್ಯೂ ಉದ್ದ ಆಗತ್ತೆ" ಎನ್ನುತ್ತಾರೆ. ಮನೆಗೆ ಬಂದ ಮೇಲೆ, ಒಂದನ್ನೂ ಬಿಡದೆ ನೋಡಿದೆವು ಎನ್ನುವುದೇ ಅವರ ಸಂತೋಷ. ಇನ್ನೊಬ್ಬ ಮಾವ ಚಾರ್ಮಾಡಿ ಘಾಟಿಯಲ್ಲಿ ಮಂಜು ಕಂಡಲ್ಲೆಲ್ಲ ಗಾಡಿ ನಿಲ್ಲಿಸುತ್ತಾರೆ. ಮುಂದಿನ ಊರು ತಲುಪುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಎಲ್ಲರೂ ಬೈಯುತ್ತಾರೆ. ಇಪ್ಪತ್ತು ವರ್ಷದ ಮೇಲೆ ಮಕ್ಕಳಿಗೆ ನೆನಪಿರುವುದು ಆ ಮಂಜು ಮಾತ್ರ. ಇಷ್ಟರ ನಡುವೆ ಹಿಂದಿನ ಸೀಟಿನಲ್ಲಿ ಒಬ್ಬ ಅತ್ತೆ ಕೂತಿರುತ್ತಾರೆ. ವಾಂತಿ ಬರುವ ಮಗುವಿನ ಮೂಗಿಗೆ ನಿಂಬೆಹಣ್ಣು ಹಿಡಿದಿರುತ್ತಾರೆ, ಪ್ರತಿ ಊರಿನಲ್ಲೂ ಗಾಡಿ ಹೊರಡುವ ಮುಂಚೆ ತಲೆ ಎಣಿಸುತ್ತಾರೆ. ನನ್ನನ್ನು ಕೇಳಿದರೆ ಆ ಗಾಡಿಯ ನಾಯಕಿ ಅವರೇ. ಫೋಟೋಗಳಲ್ಲಿ ಅವರಿರುವುದಿಲ್ಲ.

ಈ ಮೂವರ ಕೈಕೆಳಗೂ ನಾನು ಕೆಲಸ ಮಾಡಿದ್ದೇನೆ. ಡಿಪಾಸಿಟ್ ಗುರಿ, ಸಾಲದ ಗುರಿ, ವಿಮೆಯ ಗುರಿ ಎಂದು ಒಂದೊಂದಕ್ಕೂ ಟಿಕ್ ಹಾಕುತ್ತ ಹೋಗಿ, ಯಾವ ಗ್ರಾಹಕನ ಮುಖವನ್ನೂ ನೋಡದವರು ಚಿಕ್ಕಪ್ಪನ ಜಾತಿ. ಹಾಗೆಂದು ಪ್ರವಾಸದ ಗುಣವನ್ನು ನೇರವಾಗಿ ಆಫೀಸಿನ ಗುಣಕ್ಕೆ ಹೊಂದಿಸಿಬಿಡಬಹುದೇ? ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರು ಬೆತ್ತವಿಲ್ಲದೆ ಜಗಲಿಗೆ ಬಂದವರಲ್ಲ. ಅವರೇ ಶಾಲಾ ಪ್ರವಾಸದಲ್ಲಿ ಮಲ್ಪೆಯ ಮರಳಿನಲ್ಲಿ ಪ್ಯಾಂಟು ಮಡಚಿಕೊಂಡು, ಅಲೆ ಬಂದಾಗಲೆಲ್ಲ ನಮಗಿಂತ ಜೋರಾಗಿ ಕೂಗುತ್ತ ಹಿಂದಕ್ಕೆ ಓಡಿದ್ದನ್ನು ನಾವೆಲ್ಲ ನೋಡಿದ್ದೆವು. ಸೋಮವಾರ ಬೆತ್ತ ಮತ್ತೆ ಕೈಗೆ ಬಂದಿತ್ತು. ಆ ಎರಡರಲ್ಲಿ ನಿಜವಾದ ಮನುಷ್ಯ ಯಾರು? ರಜೆಯಲ್ಲಿ ಕಂಡದ್ದೇ ಅಸಲಿ, ಉಳಿದದ್ದು ವೇಷ ಎಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ವರ್ಷವಿಡೀ ಗಂಟುಮುಖ ಹೊತ್ತವರಿಗೆ ಅದನ್ನು ಇಳಿಸಿಡಲು ಎರಡು ದಿನ ಬೇಕಾಗುತ್ತದೆ. ಇಳಿಸಿಟ್ಟಾಗ ಕಾಣುವುದೂ ಅವರದೇ ಮುಖ, ಮತ್ತೆ ಹೊತ್ತುಕೊಂಡಾಗ ಕಾಣುವುದೂ ಅವರದೇ. ಮನುಷ್ಯನಿಗೆ ಎಲ್ಲಿ ಖುಷಿಯಾಗುತ್ತದೆ ಎಂಬುದರಿಂದ ಅವನು ಹೇಗೆ ಆಳುತ್ತಾನೆ ಎಂದು ಹೇಳಲಾಗದು. ಆ ಹಾಳೆ ಹಂಚಿದವರು ಎಡವಿದ್ದು ಅಲ್ಲೇ ಎಂದು ಕಾಣುತ್ತದೆ.

ಇದನ್ನು ನನಗೆ ತಿಳಿಸಿಕೊಟ್ಟದ್ದು ನಂದಿಬೆಟ್ಟ. ನನ್ನ ನೌಕರಿಯ ನಾಲ್ಕು ವರ್ಷ ಆ ಬೆಟ್ಟ ಕಾಣುವ ಊರೊಂದರಲ್ಲಿ ಕಳೆದವು. ಭಾನುವಾರ ಮನಸ್ಸು ಬಂದರೆ ಮೇಲಕ್ಕೆ ಹೋಗುತ್ತಿದ್ದೆ. ಸಮುದ್ರಮಟ್ಟದಿಂದ 1478 ಮೀಟರ್. ಕೆಳಗೆ ಬಿಸಿಲು ಕಾಯುತ್ತಿದ್ದರೂ ಮೇಲೆ ತಣ್ಣನೆ ಗಾಳಿ. ಆಳುವವರು ದಣಿವಾರಿಸಿಕೊಳ್ಳಲು ಈ ಬೆಟ್ಟವನ್ನು ಮತ್ತೆ ಮತ್ತೆ ಆರಿಸಿಕೊಂಡಿದ್ದಾರೆ. ಕೋಟೆಯೊಳಗೆ ಟಿಪ್ಪುವಿನ ಬೇಸಿಗೆಯ ಮನೆಯಿದೆ. ವಿಶ್ರಾಂತಿಗೆ ಬಂದಾಗಲೂ ಸುತ್ತ ಗೋಡೆ, ಬುರುಜು, ಕಾವಲು ಇರಬೇಕಾದ ದೊರೆ ಅವನು. ಅವನ ಕಾಲಕ್ಕೆ ಅದು ಅತಿಯೇನಲ್ಲ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನೂ ಹಿಡಿಯಿತು. ಆಮೇಲೆ 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇದೇ ಬೆಟ್ಟದ ಮೇಲೆ ಬಂಗಲೆ ಕಟ್ಟಿಕೊಂಡ. ಈತ ಭಾರತಕ್ಕೆ ಬಂದದ್ದು 1800ರಲ್ಲಿ, ಹುಡುಗನಾಗಿ. ಮದುವೆಯಾಗಲಿಲ್ಲ. ಅಧಿಕಾರ ಬಿಟ್ಟು ಕಡೆಗೊಮ್ಮೆ ತನ್ನ ದೇಶದ ಕಡೆ ಹೊರಟದ್ದು 1861ರಲ್ಲಿ. ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡ. ಇಪ್ಪತ್ತೇಳು ವರ್ಷ ಒಂದೇ ಕುರ್ಚಿ. ಆತ ಒಳ್ಳೆಯ ಆಡಳಿತಗಾರನೆಂದು ನಮ್ಮಲ್ಲಿ ಹೆಸರಿದೆ, ಅವನ ಹೆಸರಿನ ಪಾರ್ಕಿನಲ್ಲಿ ನಾವೂ ಅಡ್ಡಾಡಿದ್ದೇವೆ. ಆದರೆ ಬಿಟ್ಟು ಹೋಗುವುದು ಅಷ್ಟು ತಡವಾದರೆ, ಹೋಗಿ ಸೇರಬೇಕಾದ ಊರು ಸಿಕ್ಕದೆ ಹೋಗುತ್ತದೆ ಎಂದು ಆ ಬಂಗಲೆಯ ಮುಂದೆ ನಿಂತಾಗಲೆಲ್ಲ ನನಗೆ ಅನ್ನಿಸುತ್ತಿತ್ತು.

ಮೂರನೆಯವರು ಗಾಂಧಿ. ಅವರು ನಂದಿಗೆ ಬಂದದ್ದು ಸ್ವಂತ ಆಸೆಯಿಂದಲ್ಲ. 1927ರ ಮಾರ್ಚಿನಲ್ಲಿ ಖಾದಿಗಾಗಿ ಊರೂರು ಸುತ್ತುತ್ತಿದ್ದಾಗ ರಕ್ತದೊತ್ತಡ ಏರಿ ಆರೋಗ್ಯ ಕುಸಿಯಿತು. ವಿಶ್ರಾಂತಿ ಬೇಕೇಬೇಕು ಎಂದರು ವೈದ್ಯರು. ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಬಂದವರು ಜೂನ್ ಮೊದಲ ವಾರದವರೆಗೆ, ಸುಮಾರು ಆರು ವಾರ, ಅಲ್ಲಿದ್ದರು. 1936ರಲ್ಲಿ ಇನ್ನೊಮ್ಮೆ ಬಂದರು.

ಇದರಲ್ಲೊಂದು ಸ್ವಾರಸ್ಯವಿದೆ. ಬೆಟ್ಟದ ಮೇಲೆ ಕೂತು ಆಳುವವರನ್ನು ಗಾಂಧಿಯಷ್ಟು ಮೊನಚಾಗಿ ಟೀಕಿಸಿದವರು ಕಡಿಮೆ. 1864ರಿಂದ ಬ್ರಿಟಿಷ್ ಸರ್ಕಾರ ಬೇಸಿಗೆ ಬಂತೆಂದರೆ ಕಡತ, ಗುಮಾಸ್ತ, ಪೆಟ್ಟಿಗೆಗಳ ಸಮೇತ ಕಲ್ಕತ್ತೆಯಿಂದ ಸಾವಿರ ಮೈಲಿಗೂ ಆಚೆಯ ಶಿಮ್ಲಾಕ್ಕೆ ಏರುತ್ತಿತ್ತು. ಆ ಪದ್ಧತಿ ಶುರುಮಾಡಿದ ವೈಸ್‌ರಾಯ್ ಜಾನ್ ಲಾರೆನ್ಸ್‌ಗೆ, ಕೆಳಗಿನ ಸೆಕೆಗಿಂತ ಮೇಲಿನ ತಂಪಿನಲ್ಲಿ ಎಷ್ಟೋ ಪಾಲು ಹೆಚ್ಚು ಕೆಲಸವಾಗುತ್ತದೆ ಎಂಬ ನಂಬಿಕೆ. ಇರಬಹುದು. 1921ರಲ್ಲಿ ವೈಸ್‌ರಾಯನ್ನು ಕಾಣಲು ಶಿಮ್ಲಾಕ್ಕೆ ಹೋಗಿ ಬಂದ ಗಾಂಧಿ, ಇದು ಐನೂರನೆಯ ಮಹಡಿಯಿಂದ ನಡೆಯುವ ಸರ್ಕಾರ ಎಂಬರ್ಥದಲ್ಲಿ ಬರೆದರು. ಅಷ್ಟು ಎತ್ತರದ ಮಹಡಿಗೆ ಕೆಳಗಿನವರ ಕೂಗು ಕೇಳಿಸುವುದು ಹೇಗೆ? ಹೀಗೆ ಬರೆದು ಆರು ವರ್ಷ ಕಳೆಯುವಷ್ಟರಲ್ಲಿ ತಾವೇ ಒಂದು ಬೆಟ್ಟದ ಮೇಲಿದ್ದರು. ತರಬೇತಿಯವರ ಹಾಳೆಯಲ್ಲಿ ಟಿಪ್ಪು, ಕಬ್ಬನ್, ಗಾಂಧಿ, ಶಿಮ್ಲಾದ ಲಾಟ ಸಾಹೇಬರು ಎಲ್ಲರೂ ಬೆಟ್ಟದ ಕಲಮಿನಲ್ಲೇ ಬೀಳುತ್ತಾರೆ.

ವ್ಯತ್ಯಾಸ ಎಲ್ಲಿದೆ ಎಂದರೆ, ಶಿಮ್ಲಾಕ್ಕೆ ಹೋದವರು ಅಧಿಕಾರವನ್ನು ಕಂಕುಳಲ್ಲಿಟ್ಟುಕೊಂಡು ಮೇಲೇರಿದರು. ಸಹಿಗಾಗಿ ಕಾಗದಗಳು ಬಯಲಿನಿಂದ ಬೆಟ್ಟ ಹತ್ತಬೇಕು, ಆಜ್ಞೆಗಳು ಬೆಟ್ಟದಿಂದ ಇಳಿಯಬೇಕು. ಗಾಂಧಿ ನಂದಿಯಲ್ಲಿದ್ದಾಗ ಕಾಂಗ್ರೆಸ್ಸಿನ ಅಧ್ಯಕ್ಷರು ಎಸ್. ಶ್ರೀನಿವಾಸ ಅಯ್ಯಂಗಾರ್. ಸಂಸ್ಥೆಯ ಬೀಗದಕೈ ಬೇರೆಯವರ ಸೊಂಟದಲ್ಲಿತ್ತು. ಹಾಗೆಂದು ಗಾಂಧಿ ಪೂರ್ತಿ ಬಿಟ್ಟುಕೊಟ್ಟು ಕೂತರು ಎನ್ನಲಾರೆ. ಆ ವರ್ಷಗಳಲ್ಲಿ ಅವರು ಸೋಮವಾರ ಮೌನ ಹಿಡಿಯುತ್ತಿದ್ದರು, ಸೋಮವಾರವೇ ಸಾಬರಮತಿ ಆಶ್ರಮದ ಹೆಂಗಸರಿಗೆ ಕಾಗದ ಬರೆಯುತ್ತಿದ್ದರು. ಆತ್ಮಕಥೆ ವಾರವಾರ ಅಚ್ಚಾಗುತ್ತಿದ್ದ ಕಾಲವೂ ಅದೇ. ಬಾಯಿಗೆ ರಜೆ, ಲೇಖನಿಗಿಲ್ಲ. ಆಶ್ರಮದ ದಿನಚರಿಯ ಮೇಲೆ ಅವರ ಕಣ್ಣು ಅಷ್ಟು ದೂರದಿಂದಲೂ ಇತ್ತೆಂಬುದು ಆ ಕಾಗದಗಳನ್ನು ಓದಿದವರಿಗೆ ಗೊತ್ತಾಗುತ್ತದೆ. ದೇಶದ ಬೀಗದಕೈ ಸುಲಭವಾಗಿ ಕೊಟ್ಟವರಿಗೂ ಅಡುಗೆಮನೆಯ ಬೀಗದಕೈ ಕೊಡುವುದು ಕಷ್ಟವಾಗಬಹುದು. ಇದನ್ನು ಗೌರವ ಕಡಿಮೆಮಾಡಿ ಹೇಳುತ್ತಿಲ್ಲ.

ಬೀಗದಕೈ ಎಂಬ ಮಾತು ನನ್ನ ಬಾಯಿಗೆ ಪದೇಪದೇ ಬರುವುದಕ್ಕೆ ನೌಕರಿಯೇ ಕಾರಣ. ಬ್ಯಾಂಕಿನಲ್ಲಿ ನಗದಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಹತ್ತಿರ. ಒಬ್ಬರೇ ಅದನ್ನು ತೆರೆಯುವಂತಿಲ್ಲ. ರಜೆ ಹೋಗುವವರು ತಮ್ಮ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕೀಲಿಯ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಬೇಕು. ಲೋಹದ ಕೀಲಿಯನ್ನು ಎಲ್ಲರೂ ಕೊಟ್ಟು ಹೋಗುತ್ತಾರೆ, ಕೊಡದೆ ವಿಧಿಯಿಲ್ಲ. ಅದರ ಜೊತೆಗೆ ಇನ್ನೇನು ಕೊಟ್ಟು ಹೋದರು ಎಂಬುದನ್ನು ನಾನು ನೋಡುತ್ತಿದ್ದೆ.

ನಮ್ಮ ಮ್ಯಾನೇಜರೊಬ್ಬರು ಎಲ್‌ಎಫ್‌ಸಿ ಮೇಲೆ ಸಂಸಾರ ಸಮೇತ ಕಾಶ್ಮೀರಕ್ಕೆ ಹೋದರು. ಮೊಬೈಲು ಇಲ್ಲದ ಕಾಲ. ಹೋಗುವ ಮುಂಚೆ, "ನಾನು ಬರೋವರೆಗೂ ಯಾವ ಹೊಸ ಸಾಲಕ್ಕೂ ಸಹಿ ಹಾಕಬೇಡಿ" ಎಂದು ಅಕೌಂಟೆಂಟಿಗೆ ಹೇಳಿದರು. ದಿನವೂ ಹನ್ನೊಂದು ಗಂಟೆಗೆ ಎಸ್‌ಟಿಡಿ ಬೂತಿನಿಂದ ಫೋನು: ಯಾರು ಬಂದಿದ್ದರು, ಏನು ಕೇಳಿದರು, ನೀವೇನು ಹೇಳಿದಿರಿ. ನಮ್ಮದು ರೇಷ್ಮೆಯ ಊರು. ರೀಲರುಗಳು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ಕೊಳ್ಳಬೇಕು, ಅದಕ್ಕೆ ಕೈಯಲ್ಲಿ ಹಣವಿರಬೇಕು. ಗೂಡು ಕೊಂಡವರು ಬೇಗ ನೂಲು ತೆಗೆಯಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತುಮಾಡಿಕೊಂಡು ಬಂದುಬಿಡುತ್ತದೆ. ಸಾಲದ ಮಿತಿ ಹೆಚ್ಚಿಸಿಕೊಡಿ ಎಂದು ಬಂದಿದ್ದ ರೀಲರೊಬ್ಬರಿಗೆ ಅಕೌಂಟೆಂಟ್ "ಸಾಹೇಬ್ರು ಬರಲಿ" ಎಂದರು. ಮೂರನೆಯ ದಿನ ಆ ಮನುಷ್ಯ ಕೌಂಟರಿನ ಮೇಲೆ ಕೈಯಿಟ್ಟು ನಿಂತು, "ಸಾಮಿ, ಗೂಡೊಳಗಿನ ಹುಳ ನಿಮ್ ಸಾಹೇಬ್ರು ಬರೋಗಂಟ ಕಾಯ್ತದಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ವಾರ ಅವರು ಬಡ್ಡಿಯವರ ಹತ್ತಿರ ಸಾಲ ತಂದರೆಂದು ಆಮೇಲೆ ತಿಳಿಯಿತು. ಮ್ಯಾನೇಜರು ಎಲ್ಲರಿಗೂ ಅಕ್ರೋಟು ತಂದಿದ್ದರು. ಒಳ್ಳೆಯ ಅಕ್ರೋಟು.

ಅವರ ನಂತರ ಬಂದವರು ಮಲೆನಾಡಿನವರು. ವರ್ಷಕ್ಕೊಮ್ಮೆ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುತ್ತಿದ್ದರು, ಎರಡು ವಾರ. ಊರಿನ ಮನೆಯಲ್ಲಿ ಫೋನಿಲ್ಲ. ಹೋಗುವ ಹಿಂದಿನ ಸಂಜೆ ಅಕೌಂಟೆಂಟನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡುತ್ತಿದ್ದರು. ಯಾರಿಗೆ ಏನು ತುರ್ತು ಬರಬಹುದು, ಯಾವುದಕ್ಕೆ ಎಷ್ಟರವರೆಗೆ ಹೋಗಬಹುದು, ಇಷ್ಟೇ. ಏಳುವಾಗ ಹೇಳುತ್ತಿದ್ದ ಮಾತು: "ತಪ್ಪಾದ್ರೆ ನೋಡ್ಕೊಳ್ಳೋಣ, ತಡ ಮಾಡ್ಬೇಡಿ." ಒಂದು ಸಲ ಅವರಿಲ್ಲದಾಗ ಕೊಟ್ಟ ಸಾಲ ವಸೂಲಾಗದೆ ನಿಂತಿತು. ಮೇಲಿನ ಆಫೀಸಿನಿಂದ ವಿವರಣೆ ಕೇಳಿ ಪತ್ರ ಬಂದಾಗ, ತಾನು ರಜೆಯಲ್ಲಿದ್ದೆ ಎಂಬ ಒಂದು ಸಾಲು ಬರೆದಿದ್ದರೆ ಅವರು ಪಾರಾಗುತ್ತಿದ್ದರು. ಆ ಸಾಲು ಬರೆಯಲಿಲ್ಲ. ತಮ್ಮ ಶಾಖೆಯ ಸಾಲ, ತಮ್ಮ ಹೊಣೆ ಎಂದು ಉತ್ತರ ಕೊಟ್ಟರು. ಆ ಪತ್ರವನ್ನು ಟೈಪು ಮಾಡಿದವನು ನಾನೇ ಆದ್ದರಿಂದ ಇದು ನನಗೆ ಗೊತ್ತು.

ಕಾಶ್ಮೀರ ದೊಡ್ಡದು, ಅಡಿಕೆ ತೋಟ ಚಿಕ್ಕದು ಎಂಬ ಲೆಕ್ಕದಿಂದ ಈ ಇಬ್ಬರನ್ನು ತೂಗಲಾಗದು. ಮೊದಲನೆಯವರು ತೋಟಕ್ಕೆ ಹೋಗಿದ್ದರೂ ಹತ್ತಿರದ ಪೇಟೆಗೆ ಬಂದು ಫೋನು ಮಾಡುತ್ತಿದ್ದರು. ಎರಡನೆಯವರು ಕಾಶ್ಮೀರಕ್ಕೆ ಹೋಗಿದ್ದರೆ ಬರೀ ಹಿಮ ನೋಡಿಕೊಂಡು ಬರುತ್ತಿದ್ದರು. ರಜೆಗೆ ಹೋಗುವುದೆಂದರೆ ಸ್ವಲ್ಪ ಹೊತ್ತು ಇಲ್ಲವಾಗುವುದು. ಆ ಇಲ್ಲದಿರುವಿಕೆಯನ್ನು ಒಬ್ಬರು ತಡೆದುಕೊಳ್ಳಬಲ್ಲರೇ ಎನ್ನುವುದರಲ್ಲಿ ಅವರು ಕೈಕೆಳಗಿನವರನ್ನು ಏನೆಂದು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ.

ರಾಮಾಯಣದಲ್ಲಿ ದೊರೆ ಇಲ್ಲದ ಹದಿನಾಲ್ಕು ವರ್ಷ ಪಾದುಕೆಗಳು ಸಿಂಹಾಸನದ ಮೇಲಿದ್ದವು. ನಮ್ಮ ಆಫೀಸುಗಳಲ್ಲಿ ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲ್ ಇರುತ್ತದೆ. ಆದರೆ ಅಯೋಧ್ಯೆ ನಡೆದದ್ದು ಪಾದುಕೆಗಳಿಂದಲ್ಲ, ನಂದಿಗ್ರಾಮದಲ್ಲಿ ಕೂತು ಕೆಲಸ ಮಾಡಿದ ಭರತನಿಂದ. ರಾಮ ಕಾಡಿನಿಂದ ದಿನವೂ ದೂತರನ್ನು ಕಳಿಸಿ, ಇವತ್ತು ಬೊಕ್ಕಸದಿಂದ ಎಷ್ಟು ತೆಗೆದೆ ಎಂದು ಕೇಳಲಿಲ್ಲ.

ಇನ್ನು ರಜೆಯನ್ನೇ ಹಾಕದವರ ವಿಷಯ. ಅಂಥವರೊಬ್ಬರ ಕೆಳಗೂ ನಾನಿದ್ದೆ. ಡಿಸೆಂಬರ್ ಕೊನೆಗೆ ತಮ್ಮ ಎಷ್ಟು ಸಿಎಲ್ ಹಾಳಾಯಿತೆಂದು ಎಲ್ಲರೆದುರು ಲೆಕ್ಕ ಹೇಳುವುದು ಅವರಿಗೆ ಹಬ್ಬ. ಅದನ್ನು ಕೇಳಿದಾಗಲೆಲ್ಲ ನನಗೆ ಪ್ರೈಮರಿ ಶಾಲೆಯ ಅಜ್ಜಿಯ ಕಥೆ ನೆನಪಾಗುತ್ತಿತ್ತು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ, ತನ್ನ ಒಲೆಯ ಕೆಂಡ ಒಯ್ಯುವುದರಿಂದಲೇ ಊರಿನ ಒಲೆಗಳು ಹೊತ್ತುತ್ತವೆ ಎಂದು ನಂಬಿದ್ದವಳು. ಊರಿನ ಮೇಲೆ ಸಿಟ್ಟಾಗಿ ಕೋಳಿಯನ್ನೂ ಕೆಂಡವನ್ನೂ ಹೊತ್ತು ಕಾಡಿಗೆ ಹೋದಳು. ಸಂಜೆಯವರೆಗೂ ಉಪವಾಸ ಕೂತು, ದಾರಿಹೋಕನನ್ನು ತಡೆದು, ನಮ್ಮೂರಲ್ಲಿ ಬೆಳಗಾಯಿತೇ ಎಂದು ಕೇಳಿದಳು. ಕಥೆ ಕೇಳಿ ನಗುತ್ತಿದ್ದೆವು. ಈಗ ಅಜ್ಜಿಯ ಬಗ್ಗೆ ಒಂದು ಮೆಚ್ಚುಗೆ ಇದೆ: ಅವಳು ಪರೀಕ್ಷೆ ಮಾಡಿ ನೋಡಿದಳು. ನಮ್ಮ ಸಾಹೇಬರು ಬೆಳಗಾಗಿಬಿಡುತ್ತದೆಂಬ ಭಯಕ್ಕೆ ಊರು ಬಿಟ್ಟು ಕದಲಲೇ ಇಲ್ಲ.

ಬ್ಯಾಂಕುಗಳ ಲೋಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಯಾವತ್ತೂ ರಜೆ ಹಾಕದ ನೌಕರನನ್ನು ಹೊರಗಿನವರು ಹೊಗಳುತ್ತಾರೆ, ಲೆಕ್ಕ ತಪಾಸಣೆ ಬಲ್ಲವರು ಅನುಮಾನಿಸುತ್ತಾರೆ. ಮುಚ್ಚಿಟ್ಟದ್ದು ಮುಚ್ಚಿಯೇ ಇರಬೇಕಾದರೆ ಮುಚ್ಚಿಟ್ಟವನು ದಿನವೂ ಅದರ ಮೇಲೆ ಕೂತಿರಬೇಕು. 2008ರ ಜನವರಿಯಲ್ಲಿ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕು ಸುಮಾರು 490 ಕೋಟಿ ಯೂರೋ ಕಳೆದುಕೊಂಡದ್ದಕ್ಕೆ ಕಾರಣನಾದ ಜೆರೋಮ್ ಕೆರ್ವಿಯೆಲ್, ಅದರ ಹಿಂದಿನ ವರ್ಷ ಪೂರ್ತಿ ಹಾಕಿದ್ದ ರಜೆ ಬೆರಳಲ್ಲಿ ಎಣಿಸುವಷ್ಟು. ನಮ್ಮ ರಿಸರ್ವ್ ಬ್ಯಾಂಕಿನ 2021ರ ಸೂಚನೆಯ ಪ್ರಕಾರ ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ, ಮುಂಚೆ ತಿಳಿಸದೆ ರಜೆಗೆ ಕಳಿಸಬೇಕು. ಆ ಅವಧಿಯಲ್ಲಿ ಇಮೇಲ್ ಬಿಟ್ಟು ಕೆಲಸದ ಯಾವ ವ್ಯವಸ್ಥೆಯನ್ನೂ ಅವರು ಮುಟ್ಟುವಂತಿಲ್ಲ. ನಾವು ಪುಣ್ಯವೆಂದು ಕರೆದದ್ದನ್ನು ನಿಯಮ ಹೀಗೆ ತಡೆಯುತ್ತದೆ. ನನಗೆ ಇದು ಆಳವಾದ ಮಾತೆಂದು ತೋರುತ್ತದೆ. ನೀನು ಒಳ್ಳೆಯವನೇ ಇರಬಹುದು, ಆದರೂ ಹತ್ತು ದಿನ ಎದ್ದು ಹೋಗು, ಬೇರೆಯವರು ನಿನ್ನ ಮೇಜನ್ನು ನೋಡಲಿ ಎನ್ನುವ ಮಾತು ಆಳುವ ಎಲ್ಲರಿಗೂ ಅನ್ವಯಿಸಬೇಕಿತ್ತು.

ಇಲ್ಲಿ ನನಗೆ ನಾನೇ ತಕರಾರು ತೆಗೆಯಬೇಕು. ರಜೆ ಹಾಕದವರೆಲ್ಲ ಕೋಳಿಯ ಅಜ್ಜಿಯರಲ್ಲ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ರಜೆ ಹಾಕಿದರೆ ಶಾಲೆಗೇ ರಜೆ. ಕರೆಯುವ ಎರಡು ಹಸು ಕಟ್ಟಿಕೊಂಡವರು ಮದುವೆಗೆ ಹೋದರೂ ಸಂಜೆಗೆ ಮನೆ ಸೇರಬೇಕು. ಕೆಲವರಿಗೆ ಕೆಲಸವೇ ಆಟ. ನಂದಿಬೆಟ್ಟದ ತಪ್ಪಲಿನಲ್ಲೇ ಮುದ್ದೇನಹಳ್ಳಿ ಇದೆ, ವಿಶ್ವೇಶ್ವರಯ್ಯನವರ ಊರು. ಮುಂಬೈ ಸರ್ಕಾರದ ಎಂಜಿನಿಯರಾಗಿದ್ದಾಗ 1898ರಲ್ಲಿ ಅವರು ಜಪಾನಿಗೆ ಹೋದರು. ಅಲ್ಲಿಂದ ತಂದದ್ದು ಆ ದೇಶ ವಿದ್ಯೆಯಲ್ಲಿ, ಕೈಗಾರಿಕೆಯಲ್ಲಿ ಹೇಗೆ ಮೇಲೆ ಬರುತ್ತಿದೆ ಎಂಬ ಯೋಚನೆಗಳನ್ನು. ಮುಂದೆ ಅವರು ದಿವಾನರಾದಾಗ ಮೈಸೂರಿಗೆ ಬಂದ ಯೋಜನೆಗಳ ಬೀಜ ಇಂಥ ಪ್ರವಾಸಗಳಲ್ಲಿತ್ತು. ಅವರು ದಣಿವಾರಿಸಿಕೊಂಡರೇ? ಹೆರಿ ಹೂವು ನೋಡುತ್ತ ಸುಮ್ಮನೆ ಕೂತದ್ದುಂಟೇ? ಕೂತಿದ್ದರೆ ಚೆನ್ನಾಗಿತ್ತು ಎಂಬ ಆಸೆ ನನ್ನದು. ಆದರೆ ಅವರು ಹೋದ ರೀತಿಯನ್ನು ಮೊದಲಿನ ಮ್ಯಾನೇಜರರ ಜೊತೆ ಸೇರಿಸಲು ಬರುವುದಿಲ್ಲ. ತನ್ನ ಊರಿಗೆ ಏನು ಒಯ್ಯಲಿ ಎಂದು ನೋಡುವ ಕಣ್ಣು ಬೇರೆ, ತಾನಿಲ್ಲದ ಊರು ಏನಾಯಿತೋ ಎಂದು ಹಿಂದಕ್ಕೇ ತಿರುಗುವ ಕಣ್ಣು ಬೇರೆ. 1918ರಲ್ಲಿ, ನೇಮಕಾತಿಯ ಪ್ರಶ್ನೆಯಲ್ಲಿ ಮಹಾರಾಜರೊಂದಿಗೆ ಒಮ್ಮತ ಮುರಿದಾಗ, ದಿವಾನಗಿರಿಯನ್ನು ಬಿಟ್ಟು ನಡೆಯಲೂ ಅವರಿಗೆ ಗೊತ್ತಿತ್ತು.

ನಮ್ಮ ಅಮ್ಮನನ್ನು ಯಾವ ಪಟ್ಟಿಗೆ ಸೇರಿಸಲಿ? ವರ್ಷಕ್ಕೆ ಎಂಟು ದಿನ ತವರಿಗೆ ಹೋಗುತ್ತಿದ್ದಳು. ಅದನ್ನು ರಜೆ ಎಂದು ಯಾರೂ ಕರೆಯಲಿಲ್ಲ, ಅವಳೂ ಕರೆಯಲಿಲ್ಲ. ಹೋಗುವ ಹಿಂದಿನ ವಾರವೆಲ್ಲ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಕುಟ್ಟಿ ಡಬ್ಬಿಗಳಲ್ಲಿ ತುಂಬಿಸುತ್ತಿದ್ದಳು. ಅಪ್ಪನಿಗೆ ಪುಡಿಗಳ ಬಣ್ಣ ಗೊತ್ತಾಗುವುದಿಲ್ಲವೆಂದು ಮುಚ್ಚಳಗಳ ಮೇಲೆ ಚೀಟಿ ಅಂಟಿಸುತ್ತಿದ್ದಳು. ಬಸ್ಸು ಹತ್ತುವಾಗ "ಹೆಂಗೋ ಮಾಡ್ಕೊಳ್ಳಿ" ಎನ್ನುತ್ತಿದ್ದಳು. ಮೊದಲ ವರ್ಷಗಳಲ್ಲಿ ಅಪ್ಪನ ಸಾರು ಬಾಯಿಗಿಡುವಂತಿರಲಿಲ್ಲ. ಕ್ರಮೇಣ ಅವರು ಕಲಿತರು. ಆಮೇಲೆ ಭಾನುವಾರದ ಸಾರು ಅವರದೇ ಆಯಿತು. ಅಮ್ಮ ಒಂದು ದಿನವೂ ತವರಿಗೆ ಹೋಗದಿದ್ದರೆ ಅಪ್ಪನಿಗೆ ಆ ಕೈ ಬರುತ್ತಿರಲಿಲ್ಲ. ತಿರುಗಿ ಬಂದಾಗ ಒಡೆದ ಲೋಟ, ಸೀದ ಪಾತ್ರೆ ಎಲ್ಲ ಅವಳ ಕಣ್ಣಿಗೆ ಬಿದ್ದೇ ಬೀಳುತ್ತಿದ್ದವು. ಒಂದು ಮಾತೂ ಆಡುತ್ತಿರಲಿಲ್ಲ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ನೆನೆಸಿಡುತ್ತಿದ್ದಳು. ಅವಳಿಗೆ ಎಂಟು ದಿನ ಸಿಗುತ್ತಿತ್ತು, ಪಕ್ಕದ ಮನೆಯಾಕೆಗೆ ಅದೂ ಇರಲಿಲ್ಲ. ಅಂಥವರ ಮುಂದೆ ನಿಂತು ರಜೆ ಹಾಕದಿರುವುದು ಅಹಂಕಾರ ಎಂದರೆ ಅದು ಅನ್ಯಾಯದ ಮಾತಾಗುತ್ತದೆ. ಬೀಗದಕೈ ತೆಗೆದುಕೊಳ್ಳಲು ಇನ್ನೊಂದು ಕೈ ಮುಂದೆ ಬರಬೇಕಲ್ಲ.

ಹಾಗಾಗಿ ನಾಯಕರಾದವರನ್ನು ಅಳೆಯಬೇಕಿದ್ದರೆ ಅವರು ಹಾಕುವ ರಜೆಗಿಂತ ಅವರು ಕೊಡುವ ರಜೆಯನ್ನು ನೋಡುವುದು ಮೇಲು. ನಮ್ಮ ಸೀಮೆಯ ಅನೇಕ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಅರ್ಜಿ ಬರೆದು ಕೇಳಿದ್ದಲ್ಲ. ಸಿಎಲ್ ಹಾಳುಮಾಡಿಕೊಳ್ಳುತ್ತಿದ್ದ ನಮ್ಮ ಸಾಹೇಬರು ಬೇರೆಯವರ ರಜೆ ಅರ್ಜಿ ಬಂದರೆ ಕನ್ನಡಕ ಏರಿಸಿ 'ಕಾರಣ' ಎಂಬಲ್ಲಿ ಬೆರಳಿಡುತ್ತಿದ್ದರು. "ಮುಹೂರ್ತ ಒಂದು ದಿನ ತಾನೆ? ಮೂರು ದಿನ ಯಾಕೆ?" ತನ್ನ ದಣಿವನ್ನು ಒಪ್ಪಿಕೊಳ್ಳದವರಿಗೆ ಇನ್ನೊಬ್ಬರ ದಣಿವು ನೆಪವಾಗಿ ಕಾಣುತ್ತದೆ. ಅಡಿಕೆ ತೋಟದ ಮ್ಯಾನೇಜರು ಆ ಕಾರಣದ ಸಾಲನ್ನು ಓದುತ್ತಲೇ ಇರಲಿಲ್ಲ ಎಂದು ನನ್ನ ಅನುಮಾನ.

ಆಗ ನಮ್ಮ ಅಟೆಂಡರ್ ಒಬ್ಬರಿದ್ದರು. ಊರಿನ ತೇರಿಗೆ ವರ್ಷಕ್ಕೆ ಮೂರು ದಿನ ಅವರಿಗೆ ರಜೆ ಬೇಕು. ಸಾಲಮೇಳವೇ ಇರಲಿ, ವಾರ್ಷಿಕ ಲೆಕ್ಕವೇ ಇರಲಿ, ತೇರು ಬ್ಯಾಂಕಿನ ಕ್ಯಾಲೆಂಡರ್ ನೋಡುವುದಿಲ್ಲ. ಹಿಂದಿನವರು ಒಂದು ದಿನಕ್ಕೆ ಇಳಿಸುತ್ತಿದ್ದರು. ಇವರು ಮೂರಕ್ಕೂ ಸಹಿ ಹಾಕಿದರು. ಆ ಮೂರು ದಿನ ಬೆಳಿಗ್ಗೆ ಶಾಖೆಯ ಶಟರ್ ಎತ್ತಿದವರು, ಕುಡಿಯುವ ನೀರಿನ ಮಡಕೆ ತುಂಬಿಸಿದವರು ಮ್ಯಾನೇಜರೇ. ಹಾಗೆ ಮಾಡುತ್ತಿದ್ದೇನೆಂದು ಅವರು ಯಾರಿಗೂ ಹೇಳಲಿಲ್ಲ. ಬೇಗ ಬಂದ ದಿನ ನಾನು ಕಂಡೆ. ನಾಲ್ಕನೆಯ ದಿನ ಅಟೆಂಡರ್ ಹಣೆಗೆ ಕುಂಕುಮ ಇಟ್ಟುಕೊಂಡು, ಬಾಳೆಎಲೆಯಲ್ಲಿ ಪ್ರಸಾದ ಕಟ್ಟಿಕೊಂಡು ಬಂದರು. ಕೌಂಟರಿನ ಮುಂದೆ ಜನ ನಿಂತಿದ್ದರು. ಮ್ಯಾನೇಜರು ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಮೊದ್ಲು. ತೇರು ಸಲೀಸಾಗಿ ಎಳೆದ್ರಾ, ತಿರುವಿನಲ್ಲಿ ನಿಂತ್ಕೊಳ್ತಾ?" ಎಂದು ಕೇಳಿದರು.